ಬಿಳಿ ಭರಣಿಯ ತಳದ ಕೆಂಪು

ಸಾವಿನ ಮನೆಗೆ ಹೋಗುವವರನ್ನು "ನಿಮಗೆ ಏನೇನು ತಿಂದರೆ ಆಗಿಬರುವುದಿಲ್ಲ, ಮೊದಲೇ ತಿಳಿಸಿ" ಎಂದು ಯಾರಾದರೂ ಕೇಳುತ್ತಾರೆಯೇ? ಇಲ್ಲಿ, ಸ್ವೀಡನ್ನಿನಲ್ಲಿ, ಕೇಳುತ್ತಾರೆ. ನನಗೆ ಅಂಥ ಇ-ಮೇಲ್ ಬಂದದ್ದು ಕಳೆದ ಏಪ್ರಿಲ್‌ನಲ್ಲಿ. ತೀರಿಕೊಂಡು ನಾಲ್ಕು ವಾರವಾದ ಮೇಲೆ ಅಂತ್ಯಕ್ರಿಯೆ. ಬರುತ್ತೀರೋ ಇಲ್ಲವೋ ಎಂಬುದನ್ನು ಹತ್ತು ದಿನ ಮುಂಚೆ ಬರೆದು ತಿಳಿಸಬೇಕು. ಆಮೇಲೆ ಕಾಫಿ, ಸ್ಯಾಂಡ್‌ವಿಚ್ ಇರುತ್ತದೆ, ಆದ್ದರಿಂದ ಅಲರ್ಜಿ ಇದ್ದವರು ಅದನ್ನೂ ನಮೂದಿಸಬೇಕು. ಸೋಲ್ನಾದ ನಮ್ಮ ಮನೆಯ ಅಡುಗೆಕಟ್ಟೆಗೆ ಒರಗಿ ನಿಂತು ಅದನ್ನು ಮೂರು ಸಲ ಓದಿದೆ.

"ಏನಂತೆ?" ಗಂಡ ಲ್ಯಾಪ್‌ಟಾಪಿನಿಂದ ತಲೆಯೆತ್ತಿ ಕೇಳಿದ.

"ಸಾವಿಗೆ ಆರ್‌ಎಸ್‌ವಿಪಿ ಮಾಡ್ಬೇಕಂತೆ."

"ನಟ್ಸ್ ಆಗಲ್ಲ ಅಂತ ಹಾಕ್ಬಿಡು. ಇವ್ರ ಕೇಕಲ್ಲಿ ಏನೇನಿರತ್ತೋ," ಎಂದವನು ನನ್ನ ಮುಖ ನೋಡಿ ಲ್ಯಾಪ್‌ಟಾಪ್ ಮುಚ್ಚಿ ಎದ್ದುಬಂದ.

ಸುದ್ದಿ ತಿಳಿದದ್ದು ಅದಕ್ಕೂ ಒಂದು ವಾರ ಮೊದಲು. ಬೆಳಗಿನ ಫಿಕಾಕ್ಕೆ, ಅಂದರೆ ಈ ದೇಶದಲ್ಲಿ ಸಂಧ್ಯಾವಂದನೆಯಷ್ಟೇ ನಿಷ್ಠೆಯಿಂದ ನಡೆಯುವ ಕಾಫಿ ವಿರಾಮಕ್ಕೆ, ಆಫೀಸಿನ ಊಟದ ಕೋಣೆಗೆ ಕಾಲಿಟ್ಟರೆ ಮೇಜಿನ ಮೇಲೆ ನನಗೆ ಕೆಲಸ ಕಲಿಸಿದ ಹಿರಿಯ ಹೆಂಗಸಿನ ಫೋಟೊ, ಪಕ್ಕದಲ್ಲಿ ಉರಿಯುವ ಮೇಣದಬತ್ತಿ. ಸುತ್ತ ಕೂತವರು ಸುಮ್ಮನೆ ಕಾಫಿ ಕುಡಿಯುತ್ತಿದ್ದರು. ಯಾರೂ ಅಳುತ್ತಿರಲಿಲ್ಲ. ಮನೆಯ ಮುಂದಿನ ಹಿಮ ಎತ್ತಿಹಾಕುವಾಗ ಹೃದಯ ನಿಂತುಹೋಯಿತಂತೆ. ನಿವೃತ್ತರಾಗಿ ಎರಡು ವರ್ಷವೂ ತುಂಬಿರಲಿಲ್ಲ. ನಾನು ಅವರೊಂದಿಗೆ ನೆಟ್ಟಗೆ ಮಾತಾಡಿ ಮೂರು ವರ್ಷವಾಗಿತ್ತು.

ಅವರು ಸ್ಟಾಕ್‌ಹೋಮಿನ ಒಂದು ಮ್ಯೂಸಿಯಮ್ಮಿನಲ್ಲಿ ಉಗ್ರಾಣದ ಮುಖ್ಯಸ್ಥರಾಗಿದ್ದರು. ಮ್ಯೂಸಿಯಂ ಎಂದರೆ ಜನ ಗಾಜಿನ ಪೆಟ್ಟಿಗೆಗಳನ್ನು ನೆನೆಯುತ್ತಾರೆ. ನಿಜವಾದ ಮ್ಯೂಸಿಯಂ ಇರುವುದು ಊರಾಚೆಯ ಕಿಟಕಿಯಿಲ್ಲದ ಕಟ್ಟಡದಲ್ಲಿ, ಕಪಾಟಿನ ಮೇಲೆ ಕಪಾಟಾಗಿ. ಅಲ್ಲಿ ವಸ್ತುಗಳನ್ನು ಅಳೆದು, ಫೋಟೊ ತೆಗೆದು, ಕಂಪ್ಯೂಟರಿಗೆ ಸೇರಿಸುವ ತಾತ್ಕಾಲಿಕ ಕೆಲಸಕ್ಕೆ ನಾನು ಸೇರಿದ್ದೆ. ಮೈಸೂರಿನಲ್ಲಿ ಲೈಬ್ರರಿ ಸೈನ್ಸ್ ಓದಿ, ಗಂಡನ ಪರ್ಮಿಟ್ಟಿನ ಬಾಲ ಹಿಡಿದು ಬಂದು, ಎರಡು ವರ್ಷ ಮನೆಯಲ್ಲಿ ಪುಟ್ಟ ಮಗಳನ್ನು ನೋಡಿಕೊಳ್ಳುತ್ತ ಸ್ವೀಡಿಷ್ ಕಲಿತವಳಿಗೆ ಅದು ಸಿಕ್ಕಿದ್ದೇ ಪುಣ್ಯ.

ಇಲ್ಲಿ ನಿರ್ದೇಶಕರನ್ನೂ ಹೆಸರು ಹಿಡಿದೇ ಕರೆಯಬೇಕು. ನನಗಿಂತ ಇಪ್ಪತ್ತೆಂಟು ವರ್ಷ ದೊಡ್ಡವರಾದ ಅವರನ್ನು ಹಾಗೆ ಕರೆಯಲು ನನ್ನ ನಾಲಿಗೆ ಏಳಲಿಲ್ಲ. ಹಿಂದಿನ ಕಾಲದ ಹೆಂಗಸರು ಗಂಡನ ಹೆಸರೆತ್ತದೆ ಸಂಸಾರ ಮಾಡಿದ ಹಾಗೆ ನಾನೂ ಎದುರಿಗೆ ಹೋಗಿ ನಿಂತು ಕೆಮ್ಮುತ್ತಿದ್ದೆ. ಇಲ್ಲೂ ಅವರ ಹೆಸರು ಬರೆಯುವುದಿಲ್ಲ. ಅವರು ಆಡಿದ ಮಾತುಗಳನ್ನು ಕನ್ನಡಕ್ಕೆ ತರುವಾಗ ನನ್ನನ್ನು 'ನೀನು' ಎಂದಂತೆ, ನಾನು ಅವರನ್ನು 'ನೀವು' ಎಂದಂತೆ ತಂದಿದ್ದೇನೆ. ಅವರ ಭಾಷೆಯಲ್ಲಿ ಈ ವ್ಯತ್ಯಾಸವಿಲ್ಲ. ನನ್ನ ಮನಸ್ಸಿನಲ್ಲಿ ಇತ್ತು.

ಸಂದರ್ಶನದ ದಿನವೇ ಅವರು ನನ್ನನ್ನು ಗಾಬರಿಪಡಿಸಿದರು. ನಾನು ಏನು ಹೇಳಿದರೂ ಬಾಯಿಂದ ಸರ್ರನೆ ಗಾಳಿಯನ್ನು ಒಳಕ್ಕೆಳೆದುಕೊಳ್ಳುತ್ತಿದ್ದರು. ಯಾರೋ ಬೆನ್ನಿಗೆ ತಣ್ಣೀರು ಎರಚಿದಂತೆ. ಉಬ್ಬಸದ ಕಾಯಿಲೆ ಪಾಪ ಎಂದುಕೊಂಡೆ. ಮೂರನೆಯ ಸಲ ಹಾಗಾದಾಗ ತಡೆಯಲಾರದೆ "ನೀರು ತರಲೇ?" ಎಂದು ಕೇಳಿದೆ. ಮತ್ತೆ ಸರ್ರೆಂದರು. ಓಡಿಹೋಗಿ ತಂದುಕೊಟ್ಟೆ, ಕುಡಿದರು. ಸ್ವೀಡನ್ನಿನ ಉತ್ತರದ ಕಡೆಯವರು 'ಹೌದು' ಎನ್ನುವುದೇ ಹಾಗೆಂದು ಗೊತ್ತಾದದ್ದು ಕೆಲಸಕ್ಕೆ ಸೇರಿ ವಾರವಾದ ಮೇಲೆ. "ನನಗೆ ಅವತ್ತು ಬಾಯಾರಿತ್ತು, ಅಪರಿಚಿತರ ಎದುರು ಕೇಳೋಕೆ ಸಂಕೋಚವಾಗಿತ್ತು, ನೀನೇ ಕೇಳಿದೆ," ಎಂದು ಆಮೇಲೆ ಹೇಳಿದರು. ನೀರು ಕೊಟ್ಟು ಕೆಲಸ ಗಿಟ್ಟಿಸಿದವಳು ಎಂದು ಗಂಡ ಇವತ್ತಿಗೂ ಆಡಿಕೊಳ್ಳುತ್ತಾನೆ.

ಎರಡನೆಯ ಆಘಾತ ಕೆಲಸದ ಮೊದಲ ದಿನವೇ ಕಾದಿತ್ತು. ಉಗ್ರಾಣದ ಬಾಗಿಲಲ್ಲಿ ನಿಲ್ಲಿಸಿ ಬಳೆ ತೆಗೆಸಿದರು, ಉಂಗುರ ತೆಗೆಸಿದರು, ಕೊನೆಗೆ ನನ್ನ ಕುತ್ತಿಗೆಯತ್ತ ಬೆರಳು ತೋರಿಸಿದರು. ಬಗ್ಗಿದಾಗ ತೂಗಾಡುವುದು ಏನೂ ಇರಬಾರದು. ತಾಳಿ ಬಿಚ್ಚು ಎಂದು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಅವರು ಯಾಕೆ ಏನು ಎಂದು ಕೇಳಲಿಲ್ಲ. ಡ್ರಾಯರಿನಿಂದ ವಸ್ತುಗಳಿಗೆ ಚೀಟಿ ಕಟ್ಟುವ ಬಿಳಿ ಹತ್ತಿಯ ಲಾಡಿ ತೆಗೆದು, ಸರವನ್ನು ಅಂಗಿಯೊಳಗೆ ಮೈಗೆ ಅಂಟುವಂತೆ ಕಟ್ಟಿಕೊಳ್ಳುವುದು ಹೇಗೆಂದು ತಮ್ಮದೇ ಕೊರಳಲ್ಲಿ ತೋರಿಸಿಕೊಟ್ಟರು. ಅವತ್ತಿನಿಂದ ಲಾಡಿಯ ಒಂದು ಸುರುಳಿ ನನ್ನ ಲಾಕರಿನಲ್ಲಿ ತಾನಾಗಿ ಬಂದು ಕೂತಿರುತ್ತಿತ್ತು.

"ಎಲ್ಲಿಡ್ತೀ ಅಂತ ಮೊದಲು ನಿರ್ಧರಿಸು, ಆಮೇಲೆ ಎತ್ತು." ಇದು ಅವರ ಮಂತ್ರ. ಹೂದಾನಿಗೂ ಇದೇ, ಫಿಕಾದ ಬನ್ನಿಗೂ ಇದೇ. ತಟ್ಟೆ ಇಡಲು ಮೇಜಿನಲ್ಲಿ ಜಾಗ ನೋಡಿಕೊಳ್ಳದೆ ಅವರು ಬನ್ನು ಮುಟ್ಟುತ್ತಿರಲಿಲ್ಲ. ಕೆಲಸ ಚೆನ್ನಾಗಿದ್ದರೆ ಏನೂ ಹೇಳುತ್ತಿರಲಿಲ್ಲ. ಮೂರು ತಿಂಗಳು ಒಂದೇ ಒಂದು ಒಳ್ಳೆಯ ಮಾತು ಕೇಳದೆ ನಾನು ನನ್ನ ಕೆಲಸ ಹೋಯಿತೆಂದೇ ತೀರ್ಮಾನಿಸಿದ್ದೆ. "ಬೈತಿಲ್ಲ ತಾನೆ? ಈ ಊರಲ್ಲಿ ಅದೇ ಪ್ರಶಸ್ತಿ," ಎಂದ ಗಂಡ.

ಒಮ್ಮೆ ಅವರ ವಾಚಿನ ಪಟ್ಟಿ ತಗುಲಿ ಹಳೆಯ ತಟ್ಟೆಯೊಂದಕ್ಕೆ ಕೂದಲೆಳೆಯಷ್ಟು ಗೀರು ಬಿತ್ತು. ಭೂತಗನ್ನಡಿಗೂ ಕಷ್ಟದಲ್ಲಿ ಕಾಣುವ ಗೀರು. ಅವರು ಅಲ್ಲೇ ಕೂತು ಅದರ ದಾಖಲೆಯಲ್ಲಿ ದಿನಾಂಕ, ಕಾರಣ, ತಮ್ಮ ಹೆಸರು ಎಲ್ಲ ಬರೆದರು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಯಾರಿಗೂ ಗೊತ್ತಾಗದ ತಪ್ಪನ್ನು ಡಂಗುರ ಹೊಡೆಯುವವರನ್ನು ನಾನು ಕಂಡಿರಲಿಲ್ಲ. "ವಸ್ತುಗಳಿಗೆ ಏನೇನೋ ಆಗತ್ತೆ. ಆಗಿದ್ದನ್ನ ಬರೀದಿದ್ರೆ ಮಾತ್ರ ಅದು ಹಾಳಾದ ಹಾಗೆ," ಎಂದು ಹೇಳಿ ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಅವರ ಕೈಯಲ್ಲಿ ವಾಚು ನೋಡಿದ ನೆನಪಿಲ್ಲ.

ಇನ್ನು, ನಮ್ಮಿಬ್ಬರ ಮಾತು ನಿಲ್ಲಿಸಿದ ಆ ಡಬ್ಬಿ. ಚೀನಾದ್ದು, ಪಿಂಗಾಣಿಯದು, ಸಾವಿರ ವರ್ಷ ಹಳೆಯದು, ಅಂಗೈಯಲ್ಲಿ ಕೂರುವಷ್ಟು ಚಿಕ್ಕದು. ಗುಂಡಗೆ, ಚಪ್ಪಟೆ ಮುಚ್ಚಳದ್ದು. ಬಿಳಿ ಎಂದರೆ ಸುಣ್ಣದ ಬಿಳಿಯಲ್ಲ, ಕಾದು ಆರಿದ ಹಾಲಿನ ಕೆನೆಯ ಬಣ್ಣದ ಹೊಳಪು. ಚಿತ್ರವಿಲ್ಲ, ಅಕ್ಷರವಿಲ್ಲ. ಆ ಕಾಲದ ಹೆಂಗಸರು ಮುಖಕ್ಕೆ ಹಚ್ಚುವ ಬಣ್ಣವನ್ನೋ ಸುಗಂಧವನ್ನೋ ಇಂಥದ್ದರಲ್ಲಿ ಇಡುತ್ತಿದ್ದರಂತೆ. ನನ್ನ ಕಣ್ಣಿಗೆ ಅದು ಕುಂಕುಮದ ಭರಣಿ, ಇನ್ನೇನೂ ಅಲ್ಲ. ನಮ್ಮ ಅಜ್ಜಿಯ ಬೆಳ್ಳಿಯದ್ದು ಹೆಚ್ಚುಕಡಿಮೆ ಇದೇ ಆಕಾರ.

ನನ್ನ ಕೆಲಸದ ಮೊದಲ ವರ್ಷದ ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ. ರಜೆ ಕೇಳಲು ಧೈರ್ಯವಾಗದೆ ಬೆಳಗ್ಗೆ ಐದಕ್ಕೇ ಪೂಜೆ ಮುಗಿಸಿ ರೈಲು ಹಿಡಿದಿದ್ದೆ. ಬಳೆ ಲಾಕರಿನಲ್ಲಿ, ತಾಳಿ ಲಾಡಿಯಲ್ಲಿ. ಹಣೆಯ ಬಗ್ಗೆ ನಿಯಮಗಳಲ್ಲಿ ಏನೂ ಇರಲಿಲ್ಲ. ಹಾಗಾಗಿ ಹಣೆಯ ತುಂಬ, ಬೈತಲೆಯ ತುಂಬ ಕುಂಕುಮ. ಅವತ್ತು ಆ ಡಬ್ಬಿಯ ಸರದಿ. ಮುಚ್ಚಳ ತೆರೆದಿರುವಾಗ ಕೋಣೆಯಲ್ಲಿ ಇಬ್ಬರಿರಬೇಕೆಂಬ ನಿಯಮವಿತ್ತು. ಅವರಿಗೆ ಫೋನು ಬಂತು, ಮಾತಾಡುತ್ತ ಕಾರಿಡಾರಿಗೆ ಹೋದರು. ನಾನು ಒಳಭಾಗದ ಫೋಟೊ ತೆಗೆದು, ಅಳತೆ ಬರೆದು, ಮುಚ್ಚಳ ಎತ್ತಿಕೊಂಡೆ.

ಭರಣಿ ಬರಿದಾಗಿ ಮುಚ್ಚಬಾರದು. ನಮ್ಮ ಮನೆಯಲ್ಲಿ ಗುರುವಾರ ಭರಣಿ ತೊಳೆದು ಒರೆಸಿದರೆ, ಒಂದು ಚಿಟಿಕೆಯಾದರೂ ಕುಂಕುಮ ಹಾಕಿಯೇ ಮುಚ್ಚಳ ಹಾಕುವುದು. ಚಿಕ್ಕಂದಿನಲ್ಲಿ ಒಂದು ಸಲ ಬರಿಯ ಭರಣಿ ಮುಚ್ಚಿಟ್ಟು ಅಜ್ಜಿಯಿಂದ ಬೆನ್ನಿಗೆ ಏಟು ತಿಂದಿದ್ದೆ. ಯೋಚಿಸಿ ಮಾಡಿದ್ದಲ್ಲ. ಯೋಚಿಸಿದ್ದರೆ ಮಾಡುತ್ತಲೇ ಇರಲಿಲ್ಲ. ಉಂಗುರದ ಬೆರಳು ತಾನಾಗಿ ಹಣೆಗೆ ಹೋಯಿತು, ಹಣೆಯಿಂದ ಡಬ್ಬಿಯ ತಳಕ್ಕೆ ಹೋಯಿತು. ಆ ಬಿಳಿಯ ಮೇಲೆ ಕೆಂಪು ಕಂಡಾಗಲೇ ನಾನು ಏನು ಮಾಡಿದೆನೆಂದು ಗೊತ್ತಾದದ್ದು. ಜೇಬಿನಲ್ಲಿದ್ದ ಟಿಶ್ಯೂವಿನಿಂದ ಒರೆಸಿದೆ, ಮತ್ತೆ ಒರೆಸಿದೆ, ಮುಚ್ಚಿದೆ. ಅವರು ಒಳಗೆ ಬಂದು "ಆಯ್ತಾ?" ಎಂದರು. ನಾನೂ ಅವರ ಹಾಗೆಯೇ ಗಾಳಿ ಒಳಕ್ಕೆಳೆದುಕೊಂಡೆ.

ಒಂದೂವರೆ ವರ್ಷ ಕಳೆಯಿತು. ಪುಟ್ಟ ಡಬ್ಬಿ, ಭರಣಿಗಳದ್ದೇ ಒಂದು ಪ್ರದರ್ಶನ ಮಾಡುವುದೆಂದಾಯಿತು. ಅದು ಅವರ ಬಹುದಿನದ ಆಸೆ, ವೃತ್ತಿಯ ಕೊನೆಯ ದೊಡ್ಡ ಕೆಲಸ. ಫೆಬ್ರವರಿಯ ಒಂದು ಮಂಗಳವಾರ ಅವರು ಕಾರಿಡಾರಿನಲ್ಲಿ ಓಡಿಕೊಂಡು ಬಂದರು. ಉಗ್ರಾಣದಲ್ಲಿ ಓಡುವವರನ್ನು ಹೊರಗೆ ಹಾಕಬೇಕು ಎನ್ನುತ್ತಿದ್ದವರು.

"ಬೇಗ ಬಾ. ಏನು ಕಾಣ್ತಿದೆ ಹೇಳು," ಎಂದು ದೀಪವಿರುವ ಭೂತಗನ್ನಡಿಯ ಮುಂದೆ ನನ್ನನ್ನು ಕೂರಿಸಿದರು. ಬಿಳಿ ಡಬ್ಬಿಯ ತಳದಲ್ಲಿ, ಹೊಳಪಿನ ಮೇಲ್ಪದರದ ಸೂಜಿಮೊನೆಯಂಥ ಕುಳಿಗಳಲ್ಲಿ, ಮೂರು ಕಣ.

"ಕೆಂಪು," ಎಂದೆ.

"ಕೆಂಪು. ಸಾವಿರ ವರ್ಷದ ಹಿಂದೆ ಯಾರೋ ಒಬ್ಬ ಹೆಂಗಸು ಬೆರಳಲ್ಲಿ ಬಣ್ಣ ತಗೊಂಡು ಮುಚ್ಚಳ ಹಾಕಿ ಎದ್ದು ಹೋಗಿದ್ದಾಳೆ. ಆ ಬೆರಳಿನ ಗುರುತು ಇದು."

ಆ ಬೆರಳು ನನ್ನದು. ಅದನ್ನು ನಾನು ನನ್ನ ತೊಡೆಯ ಕೆಳಗೆ ಒತ್ತಿ ಹಿಡಿದುಕೊಂಡಿದ್ದೆ.

"ನಾನು ತೆಗೆದ ಫೋಟೊದಲ್ಲಿ ಏನೂ ಇರ್ಲಿಲ್ಲ ಅಲ್ವಾ?"

"ನಿನ್ನ ಫೋಟೊಗೆ ಬೆಳಕು ಜಾಸ್ತಿ ಬಿದ್ದಿದೆ. ಎಲ್ಲ ಬೆಳ್ಳಗೆ ಹೊಡೆದುಹೋಗಿದೆ," ಎಂದರು.

ಹಳೆಯ ಚೀಟಿಗಳನ್ನೂ ಎರಡೆರಡು ಸಲ ಅನುಮಾನಿಸಿ ನೋಡುತ್ತಿದ್ದವರು ಅದೊಂದನ್ನು ಕಂಡ ಕೂಡಲೇ ನಂಬಿಬಿಟ್ಟಿದ್ದರು. ಅವರ ಕೆನ್ನೆ ಕೆಂಪಾಗಿತ್ತು. ನಲವತ್ತು ವರ್ಷ ಬೇರೆಯವರು ಕಂಡುಹಿಡಿದದ್ದನ್ನು ಜೋಪಾನ ಮಾಡಿದವರಿಗೆ ಇದು ತಮ್ಮದೇ ಆದ ಮೊದಲ ಶೋಧ. ಸೋಮವಾರ ಒಂದು ಕಣವನ್ನು ಪರೀಕ್ಷೆಗೆ ಕಳಿಸುವುದಾಗಿ ಪ್ರಯೋಗಾಲಯಕ್ಕೆ ಆಗಲೇ ಬರೆದಿದ್ದರು.

ಮನೆಗೆ ಬಂದು ಗಂಡನಿಗೆ ಹೇಳಿದೆ.

"ಮ್ಯೂಸಿಯಂ ಪೀಸ್‌ಗೆ ಯಾರಾದ್ರು ಕುಂಕುಮ ಇಡ್ತಾರೇನೇ?"

"ಇಟ್ಬಿಟ್ಟೆ. ಈಗೇನ್ ಮಾಡ್ಲಿ ಹೇಳು."

"ಬಾಯ್ ಮುಚ್ಕೊಂಡಿರು. ನಿಂದು ಟೆಂಪರರಿ ಜಾಬು. ಲ್ಯಾಬ್‌ನವ್ರು ಅರಿಶಿನ ಅಂತಾರೆ, ಆಮೇಲೆ ಇವ್ರು ಸಾವಿರ ವರ್ಷದ ಹಿಂದೆ ಚೀನಾದಲ್ಲಿ ಕುಂಕುಮ ಇತ್ತು ಅಂತ ಪೇಪರ್ ಬರೀತಾರೆ. ಹಿಸ್ಟರೀನೇ ಚೇಂಜ್ ಮಾಡ್ಬಿಟ್ಯಲ್ಲೇ."

ಅವನು ನಗಿಸಲೆಂದು ಹೇಳಿದ್ದು. ನನಗೆ ನಗು ಬರಲಿಲ್ಲ. ಅವರು ವೇದಿಕೆಯ ಮೇಲೆ ನಿಂತು ನನ್ನ ಹಣೆಯ ಕುಂಕುಮವನ್ನು ಚೀನಾದ ಯಾವಳೋ ಹೆಂಗಸಿನದೆಂದು ಹೇಳುವುದು, ಒಂದು ದಿನ ಯಾರೋ ಅದನ್ನು ಸುಳ್ಳೆಂದು ತೋರಿಸಿ ಅವರನ್ನು ನಗೆಗೀಡು ಮಾಡುವುದು, ಎರಡೂ ಕಣ್ಣಮುಂದೆ ಬಂತು. ಮೂರು ದಿನ ಅನ್ನ ಸೇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಅವರ ಕೋಣೆಗೆ ಹೋಗಿ ಹೇಳಿದೆ. ನಿಂತೇ ಹೇಳಿದೆ. ಅವರ ಮುಖದ ರಕ್ತ ಇಳಿದುಹೋಗುವುದು ನನಗೆ ಕಾಣುತ್ತಿತ್ತು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಯಾವ ದಿನ?"

ಹೇಳಿದೆ.

"ಯಾವ ಬೆರಳು?"

ತೋರಿಸಿದೆ.

"ಅದರಲ್ಲಿ ಏನೇನಿರತ್ತೆ?"

"ಅರಿಶಿನ, ಸುಣ್ಣ. ಬರಿದಾಗಿ ಮುಚ್ಚಬಾರದು ಅಂತ ನಮ್ಮಲ್ಲಿ..." ಅಳು ಬಂತು.

ಅವರು ಒಂದು ಮಾತು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ನನ್ನೆದುರೇ ಫೋನೆತ್ತಿ ಪ್ರಯೋಗಾಲಯದವರಿಗೆ "ಬೇಡ, ಅದು ಹೊಸದು, ನಾನು ತಪ್ಪು ತಿಳಿದಿದ್ದೆ" ಎಂದರು. ಫೋನಿಟ್ಟು "ಇದನ್ನ ಬರೀಬೇಕು," ಎಂದರು.

ಆಗ ನನಗೆ ನನ್ನ ಬಗ್ಗೆ ಭಯ ಹುಟ್ಟಿತು. ಆ ದಾಖಲೆಯನ್ನು ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಓದಬಹುದು. ಮ್ಯೂಸಿಯಂ ವಸ್ತು ಕೆಡಿಸಿದವಳೆಂದು ಒಮ್ಮೆ ಬರೆದರೆ ಮುಗಿಯಿತು, ಈ ದೇಶದಲ್ಲಿ ನನ್ನನ್ನು ಯಾರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

"ಒರೆಸಿಬಿಡೋಣ. ನಮ್ಮಿಬ್ಬರಿಗೇ ತಾನೆ ಗೊತ್ತಿರೋದು," ಎಂದೆ.

ಕುಂಕುಮದ ಮಾತಿಗೆ ಬೆಚ್ಚದವರು ಇದಕ್ಕೆ ಬೆಚ್ಚಿದರು. "ಒರೆಸೋದಾ?" ಎಂದು ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು.

"ನನ್ನ ಹೆಸರೂ ಬರತ್ತಾ?"

"ಮೂರು ಗಂಟೆಯಾಯ್ತು, ಮನೆಗೆ ಹೋಗು," ಎಂದು ಕಂಪ್ಯೂಟರಿನತ್ತ ತಿರುಗಿದರು. ನಾನು ಬಾಗಿಲು ದಾಟುವಾಗ ಅವರು ಟೈಪು ಮಾಡುವ ಸದ್ದು ಕೇಳುತ್ತಿತ್ತು.

ಸೋಮವಾರ ಉಗ್ರಾಣದ ಬಾಗಿಲ ಮೇಲಿನ ನಿಯಮಗಳಿಗೆ ಹೊಸದೊಂದು ಸೇರಿತ್ತು: ಮುಖದ ಮೇಲೆ ಯಾವುದೇ ಪುಡಿ ಇರಬಾರದು. ಪೌಡರ್ ಹಚ್ಚುವ ಸ್ವೀಡಿಷ್ ಹುಡುಗಿಯರು ಗೊಣಗಿದರು. ನನಗೆ ನಿರ್ದೇಶಕರ ಕರೆ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದೆ. ಬರಲಿಲ್ಲ. ಇವರು ಬಾಯಲ್ಲಿ ಹೇಳುವ ಜನವಲ್ಲ, ಬರೆದು ಬಿಡುವ ಜನ ಎಂದುಕೊಂಡೆ. ಅವರ ಮೇಲೆ ಕೆಂಡದಂಥ ಕೋಪ ಬಂತು. ತಾನಾಗಿ ಬಂದು ಒಪ್ಪಿಕೊಂಡವಳ ಹೆಸರನ್ನು ಕಲ್ಲಲ್ಲಿ ಕೊರೆದರಲ್ಲ ಎಂಬ ಕೋಪ. ಆಮೇಲೆ ಅವರೊಂದಿಗೆ ಅಳತೆ, ನಂಬರು, ಕಪಾಟು ಬಿಟ್ಟು ಬೇರೆ ಮಾತೇ ಆಡಲಿಲ್ಲ. ಪ್ರದರ್ಶನವನ್ನು ಬೇರೆ ಯಾರೋ ಮಾಡಿದರು. ವಯಸ್ಸಾಯಿತು, ಬಿಟ್ಟುಕೊಟ್ಟಿರಬೇಕು ಎಂದುಕೊಂಡೆ. ನನ್ನ ಕೆಲಸ ಖಾಯಂ ಆದಾಗ ದೇವರು ದೊಡ್ಡವನು ಎಂದುಕೊಂಡೆ.

ಅವರ ಬೀಳ್ಕೊಡುಗೆಯ ದಿನ ನಾನು ಮಗಳಿಗೆ ಜ್ವರವೆಂದು ಸುಳ್ಳು ಹೇಳಿ ರಜೆ ಹಾಕಿದೆ. ಮಗುವಿಗೆ ಹುಷಾರಿಲ್ಲವೆಂದರೆ ಇಲ್ಲಿ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಮಗಳನ್ನು ಕರೆದುಕೊಂಡು ಪಾರ್ಕಿಗೆ ಹೋದೆ. ಸಂಜೆ ಅವರಿಂದ ಮೆಸೇಜು ಬಂತು: ಮಗು ಹೇಗಿದೆ, ನಿನ್ನ ಪಾಲಿನ ಕೇಕ್ ಫ್ರಿಜ್ಜಿನಲ್ಲಿದೆ. ನಾನು ಉತ್ತರ ಬರೆಯಲಿಲ್ಲ. ಅದೇ ಕೊನೆ.

ಅಂತ್ಯಕ್ರಿಯೆಗೆ ಹೋದೆ, ಅಲರ್ಜಿಯ ಜಾಗದಲ್ಲಿ 'ಇಲ್ಲ' ಎಂದು ಬರೆದು. ಮುಚ್ಚಿದ ಶವಪೆಟ್ಟಿಗೆಯ ಬಳಿ ಒಬ್ಬೊಬ್ಬರೇ ಹೋಗಿ ಒಂದೊಂದು ಹೂವಿಟ್ಟು ಸದ್ದಿಲ್ಲದೆ ವಾಪಸು ಬಂದರು. ನಾನೊಬ್ಬಳೇ ಬಿಕ್ಕಿದ್ದು. ಎಲ್ಲರೂ ತಿರುಗಿ ನೋಡಿದರು. ಕಾಫಿಯ ಹೊತ್ತಿಗೆ ಅವರ ತಂಗಿ ನನ್ನ ಬಳಿಗೆ ಬಂದು ಕೂತರು. ಅಕ್ಕನದೇ ಉದ್ದ ಮೂಗು.

"ನೀನೇನಾ ಆ ಬಿಳಿ ಡಬ್ಬಿಯವಳು? ಅದರ ವಿಷಯ ಅಕ್ಕ ನನಗೆ ಹೇಳಿದ್ದಳು. ಪಾಪ, ನಿರ್ದೇಶಕರ ಹತ್ತಿರ ತುಂಬಾ ಬೈಸಿಕೊಂಡಳು. ಆ ಪ್ರದರ್ಶನಾನೂ ಅವಳ ಕೈಯಿಂದ ತೆಗೆದುಬಿಟ್ಟರಲ್ಲ. ಬಹಳ ನೊಂದುಕೊಂಡಿದ್ದಳು."

"ಅವರಿಗ್ಯಾಕೆ ಬೈದರು?" ಎಂದು ಕೇಳಿದೆ. ತಂಗಿ ನನ್ನನ್ನು ವಿಚಿತ್ರವಾಗಿ ನೋಡಿದರು. ನನಗೆ ಗೊತ್ತಿದೆ ಎಂದೇ ಅವರು ತಿಳಿದಿದ್ದರು.

ಆ ಡಬ್ಬಿಯ ದಾಖಲೆಯನ್ನು ನಾನು ಮೂರು ವರ್ಷ ತೆರೆದಿರಲಿಲ್ಲ. ಹಲ್ಲುನೋವಿನ ಕಡೆ ಅಗಿಯದ ಹಾಗೆ ಆ ನಂಬರನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತಿದ್ದೆ. ಮರುದಿನ ಬೆಳಗ್ಗೆ ಕೋಟು ಕೂಡ ತೆಗೆಯದೆ ಕಂಪ್ಯೂಟರಿನ ಮುಂದೆ ಕೂತು ತೆರೆದೆ. ಆ ಶುಕ್ರವಾರದ ತಾರೀಕು. ಕೆಳಗೆ ಸ್ವೀಡಿಷ್‌ನಲ್ಲಿ ಆರೇಳು ಪುಟ್ಟ ವಾಕ್ಯ:

ಒಳತಳದಲ್ಲಿ ಕೆಂಪು ಪುಡಿಯ ಮೂರು ಕಣ. ಹೊಸದು. ಕುಂಕುಮ, ಅರಿಶಿನ ಮತ್ತು ಸುಣ್ಣದಿಂದ ಮಾಡಿದ್ದು. ಇಂಥ ಪಾತ್ರೆಯನ್ನು ಬರಿದಾಗಿ ಮುಚ್ಚಬಾರದೆಂಬ ಪದ್ಧತಿಯಂತೆ ದಾಖಲಿಸುವ ವೇಳೆ ಇಡಲಾಗಿದೆ. ತೆಗೆದಿಲ್ಲ, ತೆಗೆಯಬಾರದು. ಡಬ್ಬಿ ತೆರೆದಿರುವಾಗ ಇಬ್ಬರಿರಬೇಕೆಂಬ ನಿಯಮ ಮುರಿದು ನಾನು ಕೋಣೆಯಿಂದ ಹೊರಗೆ ಹೋಗಿದ್ದೆ. ಹೊಣೆ ನನ್ನದು.

ಅದರ ಕೆಳಗೆ ಅವರ ಹೆಸರು. ನನ್ನದನ್ನು ಹುಡುಕಿದೆ. ಇಡೀ ದಾಖಲೆಯಲ್ಲಿ ಹುಡುಕಿದೆ, ಹಳೆಯ ಪ್ರತಿಗಳಲ್ಲಿ ಹುಡುಕಿದೆ. ಎಲ್ಲೂ ಇರಲಿಲ್ಲ. ಒಂದು ಸುಳ್ಳೂ ಹೇಳದೆ ಅವರು ನನ್ನನ್ನು ಉಳಿಸಿದ್ದರು, ಮೂರು ವರ್ಷ ನಾನು ಅವರನ್ನು ಮನಸ್ಸಿನಲ್ಲೇ ಶಪಿಸಿದ್ದೆ.

ಅವರ ಸಾಲುಗಳನ್ನು ಹಾಗೆಯೇ ಬಿಟ್ಟೆ. ಕೆಳಗೆ ಹೊಸ ಸಾಲು ತೆರೆದು, 'ಇಟ್ಟವಳು' ಎಂದು ಬರೆದು, ನನ್ನ ಪೂರ್ತಿ ಹೆಸರು ಹಾಕಿದೆ. ತಿದ್ದುಪಡಿಗೆ ಕಾರಣ ಬರೆಯದೆ ಮುಂದೆ ಹೋಗಲು ಆ ಕಂಪ್ಯೂಟರು ಬಿಡುವುದಿಲ್ಲ. ಕಾರಣದ ಜಾಗದಲ್ಲಿ 'ತಡವಾಯಿತು' ಎಂದು ಬರೆದೆ.